ಸಂಗೀತ ಪ್ರಕಾರವೊಂದು ಮರಳಿ ಚಿಗುರಿದಾಗ ‘ಕೂಳೆ’ ಎನ್ನಬಹುದೇ?

ಮಾನ್ಯರೇ,

ಇಂಗ್ಲೆಂಡಿನ ಹಡರ್ಸ್‌ಫೀಲ್ಡ್ ಊರಿನ ಈವೈಲ್ ಎಂಬ ಥ್ರ್ಯಾಶ್ ಮೆಟಲ್ (ಅತಿವೇಗದ, ಬಿರುಸಾದ ರಾಕ್ ಸಂಗೀತ) ತಂಡದ ಚೊಚ್ಚಲ ಆಲ್ಬಂ ‘ಎಂಟರ್ ದ ಗ್ರೇವ್’ (2007) ಕುರಿತು ಲೇಖನವೊಂದನ್ನು ಬರೆಯುತ್ತಿದ್ದೇನೆ. ‘ಚೊಚ್ಚಲ’ ಎಂಬುದು ಕ್ರಿಕೆಟ್ ವರದಿಗಳ ದೆಸೆಯಿಂದ ಎಲ್ಲದಕ್ಕೂ ಒಗ್ಗಿಹೋಗಿರುವುದರಿಂದ ಅಲ್ಲಿ ತೊಡಕಿಲ್ಲ. ‘ಥ್ರ್ಯಾಶ್’ ಅನ್ನು ಹಾಗೆಯೇ ಉಳಿಸಿಕೊಂಡಿದ್ದೇನೆ. ಅದು ಅಚ್ಚಿನಲ್ಲಿ ‘ಟ್ರ್ಯಾಶ್’ ಆಗಿ ಕಸವಾಗದಂತೆ ಕರಡು ತಿದ್ದುವವರು ನೋಡಿಕೊಂಡರೆ ಸಾಕು. ತೊಡಕಿರುವುದು, ಈ ಸಂಗೀತ 2000ದ ದಶಕದಲ್ಲಿ ಹೊಸ ಹುಡುಗರ ಕೈಯಲ್ಲಿ ಮತ್ತೆ ತಲೆಯೆತ್ತಿದ್ದನ್ನು ಒಂದೇ ಪದದಲ್ಲಿ ಹೇಳುವುದರಲ್ಲಿ.

1980ರ ದಶಕದಲ್ಲಿ ಮೆಟಾಲಿಕಾ, ಸ್ಲೇಯರ್, ಮೆಗಾಡೆತ್ ಮುಂತಾದ ತಂಡಗಳು ಬೆಳೆಸಿದ ಥ್ರ್ಯಾಶ್, ಮುಂದಿನ ದಶಕದಲ್ಲಿ ಗ್ರಂಜ್ ಎಂಬ ಇನ್ನೊಂದು ರಾಕ್ ಪ್ರಕಾರದ ಅಬ್ಬರದ ನಡುವೆ ಹಿಂದೆ ಸರಿಯಿತು; 1991ರ ಆಲ್ಬಂನಲ್ಲಿ ಮೆಟಾಲಿಕಾ ತಾನೇ ವೇಗ ತಗ್ಗಿಸಿತು. ಆದರೂ ಸ್ಲೇಯರ್, ಜರ್ಮನಿಯ ಕ್ರಿಯೇಟರ್ ಮೊದಲಾದವು ನುಡಿಸುವುದನ್ನು ನಿಲ್ಲಿಸಿರಲಿಲ್ಲವಾದ್ದರಿಂದ, ‘ಪುನರುಜ್ಜೀವನ’ ಎಂದರೆ ಉಸಿರಾಡುತ್ತಿದ್ದುದಕ್ಕೇ ಜೀವ ತುಂಬಿದಂತಾಗುತ್ತದೆ. ‘ಪುನರುತ್ಥಾನ’ಕ್ಕೆ ಕ್ರೈಸ್ತ ಅರ್ಥಛಾಯೆ ಗಾಢವಾಗಿದೆ, ಗೋರಿ ಹೊಗುವ ಮಾತನ್ನೇ ಹೆಸರಾಗಿಸಿಕೊಂಡ ಆಲ್ಬಂಗೆ ಅದು ಕುಚೋದ್ಯವೆನಿಸೀತು. ‘ಹೊಸ ಅಲೆ’ ಎಂದೊಡನೆ ಹಿಂದಿನದನ್ನು ಮುರಿದ ಸಿನಿಮಾಗಳು ನೆನಪಾಗುತ್ತವೆ.

ಈವೈಲ್‌ನ ಹುಡುಗರಾದರೋ ಏನನ್ನೂ ಮುರಿಯಲು ಹೊರಟವರಲ್ಲ. ಡ್ರೇಕ್ ಸಹೋದರರ ಈ ತಂಡ ಮೊದಲು ‘ಮೆಟಲ್ ಮಿಲಿಷಿಯಾ’ ಎಂಬ ಹೆಸರಿನಲ್ಲಿ ಮೆಟಾಲಿಕಾದ ಹಾಡುಗಳನ್ನೇ ನುಡಿಸುತ್ತಿತ್ತು. 2004ರಲ್ಲಿ ಹೆಸರು ಬದಲಿಸಿ ಸ್ವಂತ ಹಾಡುಗಳಿಗೆ ಹೊರಳಿದ ಮೇಲೆಯೂ, ಚೊಚ್ಚಲ ಆಲ್ಬಂನ ಧ್ವನಿಮುದ್ರಣಕ್ಕೆ ಅವರು ಹೋದದ್ದು ಕೋಪನ್‌ಹೇಗನ್‌ಗೆ, 1984ರಿಂದ 1988ರವರೆಗೆ ಮೆಟಾಲಿಕಾದ ಮೂರು ಆಲ್ಬಂಗಳಲ್ಲಿ ದುಡಿದಿದ್ದ ಧ್ವನಿಮುದ್ರಣ ತಜ್ಞ ಫ್ಲೆಮಿಂಗ್ ರಾಸ್ಮುಸೆನ್ ಅವರ ಬಳಿಗೇ. ಬಲ ಅಂಗೈಯ ಅಂಚನ್ನು ಗಿಟಾರಿನ ಕುದುರೆಯ (ತಂತಿಗಳನ್ನು ಹೊರುವ ಪಟ್ಟಿ, ಬ್ರಿಜ್) ಹತ್ತಿರ ತಂತಿಗಳ ಮೇಲೆ ಊರಿ, ನಾದ ಹರಡುವ ಮುನ್ನವೇ ಅದನ್ನು ಅದುಮಿ, ಕೆಳಮುಖವಾಗಿ ಒಂದೇ ಸಮನೆ ಮೀಟುತ್ತ ಹೋಗುವ ಆ ಹಳೆಯ ಕೈಚಳಕವೇ ಈ ಆಲ್ಬಂನ ಬೆನ್ನೆಲುಬು. 2011ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಮೆಟಾಲಿಕಾವನ್ನು ಕೇಳಿದವರಿಗೆ ಇದರ ಗುರುತು ಕೂಡಲೇ ಹತ್ತುತ್ತದೆ. ಇದನ್ನು ಬರೀ ಅನುಕರಣೆ ಎಂದು ತಳ್ಳಿಹಾಕಿದವರ ಮಾತನ್ನು ನಾನು ಪೂರ್ತಿ ಒಪ್ಪಲಾರೆ. ಈ ಆಲ್ಬಂನ ‘ಥ್ರ್ಯಾಷರ್’ ಹಾಡಿನ ಬಿರುಸು ಎರವಲು ತಂದದ್ದಲ್ಲ.

ಆದ್ದರಿಂದ ನನಗೆ ‘ಕೂಳೆ’ ಎಂಬ ಪದ ಹೊಳೆದಿದೆ. ಕಬ್ಬು ಕಡಿದ ಮೇಲೆ ನೆಲದಲ್ಲುಳಿದ ಹಳೆಯ ಬುಡದಿಂದಲೇ ಏಳುವ ಬೆಳೆಯಂತೆ, ಇಲ್ಲಿಯೂ ಬೇರು ಹಳೆಯದು, ಜಲ್ಲೆ ಹೊಸದು. ನನ್ನ ಅನುಮಾನವಿರುವುದು ಪದದ ಬೆಲೆಯ ಬಗ್ಗೆ: ಕೂಳೆಯ ಇಳುವರಿ ಸಾಮಾನ್ಯವಾಗಿ ಮೊದಲ ಬೆಳೆಗಿಂತ ಕಡಿಮೆಯಾದ್ದರಿಂದ, ‘ಕೂಳೆ ಥ್ರ್ಯಾಶ್’ ಎಂದರೆ ಓದುಗರು ಹೀಗಳಿಕೆಯೆಂದು ತಿಳಿಯುವರೇ? ಕಬ್ಬಿನ ಸೀಮೆಯಾಚೆ, ಉದಾಹರಣೆಗೆ ಕರಾವಳಿಯಲ್ಲಿ, ಈ ಪದ ವಿವರಣೆಯಿಲ್ಲದೆ ಅರ್ಥವಾಗುವುದೇ? ಇಲ್ಲವಾದರೆ ‘ಮರುಚಿಗುರು’ ಎಂಬುದನ್ನೇ ಇಟ್ಟುಕೊಳ್ಳುವೆನು. ಅದು ತೀರಾ ಸೌಮ್ಯವಾಯಿತೆಂಬ ಅಳುಕಂತೂ ಇದೆ. ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.