ಎಂಜಿನ್ ಮೊರೆತದ ನಡುವೆ ದೋಣಿಯಲ್ಲಿ ಹಾಡು ಕೇಳುವುದು ಹೇಗೆ? ಬಲ್ಲವರ ಅನುಭವಗಳು

ಪ್ರಶ್ನೆ

ನಮ್ಮದು ಇಪ್ಪತ್ತು ಅಡಿ ಉದ್ದದ ತೆರೆದ ವಿಹಾರ ದೋಣಿ. ಹಿಂಭಾಗದಲ್ಲಿ ಔಟ್‌ಬೋರ್ಡ್ ಎಂಜಿನ್ ಇದೆ. ದೋಣಿಯೊಂದಿಗೇ ಬಂದ 6.5 ಇಂಚಿನ ಎರಡು ಸ್ಪೀಕರ್‌ಗಳು ಮುಂಭಾಗದಲ್ಲಿ, ಮೊಣಕಾಲಿನ ಎತ್ತರದಲ್ಲಿವೆ. ಲಂಗರು ಹಾಕಿ ನಿಂತಾಗ ಹಾಡು ಪರವಾಗಿಲ್ಲ ಎನ್ನುವಂತೆ ಕೇಳಿಸುತ್ತದೆ. ವೇಗ ಹೆಚ್ಚಿಸಿದೊಡನೆ ಎಂಜಿನ್, ಗಾಳಿ, ತಳಕ್ಕೆ ಬಡಿಯುವ ನೀರು ಎಲ್ಲವೂ ಸೇರಿ ಹಾಡಿನ ಒಂದು ಪದವೂ ತಿಳಿಯುವುದಿಲ್ಲ. ಧ್ವನಿ ಏರಿಸಿದರೆ ಸ್ಪೀಕರ್ ಒಡೆದ ದನಿಯಲ್ಲಿ ಕಿರುಚುತ್ತದೆ. ಎಂಜಿನ್ ನಡೆಯುವಾಗ ಹಾಡಿನೊಳಗೆ ಸಣ್ಣದೊಂದು ಕೀರಲು ಸದ್ದೂ ಸೇರಿಕೊಳ್ಳುತ್ತದೆ. 1000 ವ್ಯಾಟ್ ಎಂದು ಬರೆದಿರುವ ಆಂಪ್ಲಿಫೈಯರ್ ಒಂದನ್ನು ನೋಡಿಟ್ಟಿದ್ದೇನೆ. ಅದನ್ನು ಹಾಕಿದರೆ ಸರಿಹೋಗುವುದೇ? ಅನುಭವ ಇರುವವರು ದಯವಿಟ್ಟು ತಿಳಿಸಿ.

ತೆರೆದ ದೋಣಿಯವರೊಬ್ಬರ ಉತ್ತರ

ಆ ಆಂಪ್ಲಿಫೈಯರ್ ಕೊಳ್ಳುವುದನ್ನು ಕೆಲವು ದಿನ ತಡೆಹಿಡಿಯಿರಿ. ಇದೇ ಅವಸರದಲ್ಲಿ ನಾನು ಎರಡು ಜೊತೆ ಸ್ಪೀಕರ್ ಸುಟ್ಟಿದ್ದೇನೆ. ನಿಮಗೆ ಆ ನಷ್ಟ ಬೇಡ.

ಮೊದಲು ಲೆಕ್ಕ ನೋಡೋಣ. ವ್ಯಾಟ್ ಎರಡು ಪಟ್ಟಾದರೆ ಧ್ವನಿ ಏರುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಅದು ತುಸು ಜೋರಾಯಿತು ಎನ್ನಿಸುವಷ್ಟು. ಎರಡರಷ್ಟು ಜೋರು ಎಂದು ಅನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್ ಏರಬೇಕು, ಅದಕ್ಕೆ ಹತ್ತು ಪಟ್ಟು ವ್ಯಾಟ್ ಬೇಕು. ಆದರೆ ಬಯಲಿನಲ್ಲಿ ಸ್ಪೀಕರಿಗೂ ಕಿವಿಗೂ ಇರುವ ದೂರವನ್ನು ಅರ್ಧಕ್ಕೆ ಇಳಿಸಿದರೆ 6 ಡೆಸಿಬೆಲ್ ಪುಕ್ಕಟೆ ಸಿಗುತ್ತದೆ. ಅಂದರೆ ನಾಲ್ಕು ಪಟ್ಟು ವ್ಯಾಟ್ ಮಾಡುವ ಕೆಲಸವನ್ನು ಒಂದು ಗರಗಸ ಮತ್ತು ಅರ್ಧ ದಿನದ ದುಡಿಮೆ ಮಾಡಿಬಿಡುತ್ತವೆ. ಕಾರಿನಲ್ಲಿ ಗಾಜು, ಬಾಗಿಲು, ಚಾವಣಿ ಎಲ್ಲವೂ ಧ್ವನಿಯನ್ನು ಹಿಡಿದು ಕಿವಿಗೆ ಮರಳಿಸುತ್ತವೆ. ತೆರೆದ ದೋಣಿಯಲ್ಲಿ ಹಿಡಿದಿಡುವವರು ಯಾರೂ ಇಲ್ಲ. ಕಿವಿಗೆ ನೇರವಾಗಿ ಬಂದದ್ದಷ್ಟೇ ನಮ್ಮ ಪಾಲು.

ನಿಮ್ಮ ಸ್ಪೀಕರ್‌ಗಳು ಮೊಣಕಾಲಿನ ಎತ್ತರದಲ್ಲಿವೆ ಎಂದಿರಿ. ನನ್ನವೂ ಹಾಗೆಯೇ ಇದ್ದವು. ಹಾಡಿನ ಪದಗಳನ್ನು ಸ್ಪಷ್ಟಗೊಳಿಸುವ ಮೇಲಿನ ಸ್ವರಗಳು ಟಾರ್ಚಿನ ಬೆಳಕಿನಂತೆ ಮುಂದಕ್ಕೆ ಹೋಗುತ್ತವೆ. ಸ್ಪೀಕರಿನ ಮುಖ ಎದುರಿನ ಆಸನದ ಕಾಲಿಗೆ ತಿರುಗಿದ್ದರೆ ಆ ಸ್ವರಗಳು ಅಲ್ಲಿಯೇ ಮುಗಿದವು. ನಾನು ಎರಡರ ಬದಲು ನಾಲ್ಕು ಸ್ಪೀಕರ್ ಹಾಕಿದೆ. ಪ್ರತಿಯೊಂದನ್ನೂ ಕುಳಿತವರ ತಲೆಯಿಂದ ಒಂದು ಮೀಟರಿನ ಆಸುಪಾಸಿನಲ್ಲಿ, ಮುಖ ಕಿವಿಯ ಕಡೆಗೆ ವಾಲುವಂತೆ, ಮರದ ಓರೆ ಚೌಕಟ್ಟಿನ ಮೇಲೆ ಕೂರಿಸಿದೆ. ಎಲ್ಲವೂ ಮೆಲ್ಲಗೆ ನುಡಿಯುತ್ತವೆ, ಆದರೂ ಎಲ್ಲರಿಗೂ ಕೇಳಿಸುತ್ತದೆ. ಮೊದಲು ಮುಂದೆ ಕುಳಿತವರ ಕಿವಿ ಒಡೆಯುತ್ತಿತ್ತು, ಹಿಂದಿನವರಿಗೆ ಏನೂ ಕೇಳಿಸುತ್ತಿರಲಿಲ್ಲ.

ಹೊಸ ಸ್ಪೀಕರ್ ಕೊಳ್ಳುವುದಾದರೆ ಡಬ್ಬದ ಮೇಲಿನ ದೊಡ್ಡ ವ್ಯಾಟ್ ಅಂಕಿ ಬಿಟ್ಟು, ಒಳಗಿನ ಹಾಳೆಯಲ್ಲಿ ಸೆನ್ಸಿಟಿವಿಟಿ ಎಷ್ಟೆಂದು ನೋಡಿ. ಒಂದು ವ್ಯಾಟಿಗೆ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಬರುತ್ತದೆ ಎಂಬ ಲೆಕ್ಕ ಅದು. 88 ಇರುವ ಸ್ಪೀಕರಿನ ಬದಲು 91 ಇರುವುದನ್ನು ಆರಿಸಿದರೆ ಇರುವ ಆಂಪ್ಲಿಫೈಯರನ್ನೇ ದ್ವಿಗುಣಗೊಳಿಸಿದಂತೆ.

ಮುಂದಿನದು ನನಗೆ ತಿಳಿಯಲು ಎರಡು ಋತು ಹಿಡಿಯಿತು. ಸ್ಪೀಕರಿನ ಹಿಂದಿನಿಂದಲೂ ಮುಂದಿನಷ್ಟೇ ಧ್ವನಿ ಹೊರಡುತ್ತದೆ, ಆದರೆ ತಿರುವು ಮುರುವಾಗಿ. ದೋಣಿಯ ಪಕ್ಕದ ಗೋಡೆಗೆ ತೂತು ಕೊರೆದು ಸ್ಪೀಕರ್ ಸಿಕ್ಕಿಸಿದಾಗ ಅದರ ಹಿಂದೆ ಟೊಳ್ಳು ಜಾಗವಿದ್ದು, ಅದು ಎಲ್ಲೋ ತೆರೆದಿದ್ದರೆ ಹಿಂದಿನ ಧ್ವನಿ ಸುತ್ತಿ ಬಂದು ಮುಂದಿನ ಬೇಸ್ (ತಗ್ಗು) ಸ್ವರಗಳನ್ನು ನುಂಗುತ್ತದೆ. ಸ್ಪೀಕರಿನ ಅಂಚಿಗೆ ಫೋಮ್ ಪಟ್ಟಿ ಅಂಟಿಸಿ, ಹಿಂದೆ ಮುಚ್ಚಿದ ಪೆಟ್ಟಿಗೆ ಕಟ್ಟಿದ ಮೇಲೆ ಅದೇ ಹಳೆಯ ಸ್ಪೀಕರಿನಿಂದ ಮೃದಂಗದ ಎಡಭಾಗದ ನಾದ ಮೊದಲ ಬಾರಿಗೆ ಕೇಳಿಸಿತು. ಅಂದು ಪಟ್ಟ ಸಂತೋಷ ಇನ್ನೂ ನೆನಪಿದೆ.

ಎರಡೂ ಸ್ಪೀಕರ್‌ಗಳ ವೈರುಗಳು ಒಂದೇ ಕ್ರಮದಲ್ಲಿವೆಯೇ ಎಂಬುದನ್ನೂ ಪರೀಕ್ಷಿಸಿ. ಒಂದರಲ್ಲಿ ಪ್ಲಸ್ ಮೈನಸ್ ಅದಲುಬದಲಾಗಿದ್ದರೆ ಒಂದರ ಕೋನ್ (ಅಲುಗಾಡಿ ಧ್ವನಿ ಹೊರಡಿಸುವ ಪೊರೆ) ಮುಂದಕ್ಕೆ ಬರುವಾಗ ಇನ್ನೊಂದರದು ಹಿಂದಕ್ಕೆ ಹೋಗಿ, ಎರಡರ ಬೇಸ್ ಒಂದನ್ನೊಂದು ನುಂಗುತ್ತದೆ. ವೈರನ್ನು ಆಂಪ್ಲಿಫೈಯರಿನಿಂದ ಬಿಡಿಸಿ, 1.5 ವೋಲ್ಟ್ ಶೆಲ್ಲನ್ನು ಒಂದು ಕ್ಷಣ ತಾಗಿಸಿದರೆ ಕೋನ್ ಯಾವ ಕಡೆ ಚಲಿಸಿತೆಂದು ಕಣ್ಣಿಗೇ ಕಾಣುತ್ತದೆ.

ಒಡಕು ದನಿಯ ವಿಚಾರ. ಎಂಜಿನ್ ಮೊರೆತವೂ ಗಾಳಿಯೂ ಹೆಚ್ಚಾಗಿ ತಗ್ಗು ಸ್ವರದವು. ಅವು ಹಾಡಿನ ಬೇಸನ್ನು ಮುಚ್ಚುವುದಷ್ಟೇ ಅಲ್ಲ, ತಮಗಿಂತ ಮೇಲಿನ ಸ್ವರಗಳನ್ನೂ ಮಸುಕು ಮಾಡುತ್ತವೆ. ಬೇಸ್ ಕಾಣೆಯಾಯಿತೆಂದು ನಾವು ಅದನ್ನು ಏರಿಸುತ್ತೇವೆ. ಸಣ್ಣ ಸ್ಪೀಕರ್ ತನ್ನ ಶಕ್ತಿಯನ್ನೆಲ್ಲ ಅದಕ್ಕೆ ಸುರಿದು ಬಳಲುತ್ತದೆ. ಇದಕ್ಕೆ ಹೈಪಾಸ್ ಫಿಲ್ಟರ್ ಇದೆ. ಅದನ್ನು 80ರಿಂದ 100 ಹರ್ಟ್ಸ್ ನಡುವೆ ಇಟ್ಟು ಕೆಳಗಿನದನ್ನು ತಡೆದುಬಿಡಿ. ಓಡುವಾಗ ಬೇಸ್ ಇಳಿಸಿ, 1000ದಿಂದ 4000 ಹರ್ಟ್ಸ್ ವರೆಗಿನ ಭಾಗವನ್ನು ಸ್ವಲ್ಪ ಏರಿಸಿ. ಗಾಯಕರ ಮಾತು ಇರುವುದು ಅಲ್ಲಿ. ಬೇಸ್ ಬೇಕೇ ಬೇಕು ಎಂದರೆ ಮುಚ್ಚಿದ ಪೆಟ್ಟಿಗೆಯ ಸಬ್‌ವೂಫರ್ ಒಂದನ್ನು ಆಸನದ ಕೆಳಗೆ ಇಡಬಹುದು. ಅದರ ಸುಖ ಲಂಗರು ಹಾಕಿದ ಮೇಲೆಯೇ.

ವಿದ್ಯುತ್ ಕೆಲಸ ಬಲ್ಲವರೊಬ್ಬರ ಉತ್ತರ

ನಾನು ಕೀರಲು ಸದ್ದು ಮತ್ತು ಆ 1000 ವ್ಯಾಟ್ ಬಗ್ಗೆ ಮಾತ್ರ ಹೇಳುತ್ತೇನೆ.

ಎಂಜಿನ್ ವೇಗ ಏರಿದಂತೆ ಕೀರಲೂ ಏರುತ್ತಾ ಹೋದರೆ ಅದು ಎಂಜಿನ್ನಿನಿಂದ ತಿರುಗಿ ಬ್ಯಾಟರಿ ತುಂಬಿಸುವ ಆಲ್ಟರ್ನೇಟರಿನ ಸದ್ದು. ಅದು ಒಳಗೆ ಬರುವ ದಾರಿ ಹುಡುಕಬೇಕು. ನಿಮ್ಮ ಮೊಬೈಲ್ ಚಾರ್ಜ್ ಆಗುತ್ತಿರುವಾಗಲೇ ವೈರಿನ ಮೂಲಕ ಹಾಡು ಕೊಡುತ್ತಿದೆಯೇ? ಹಾಗಿದ್ದರೆ ಚಾರ್ಜರ್ ಕಿತ್ತು ನೋಡಿ, ಅಥವಾ ಬ್ಲೂಟೂತ್‌ನಲ್ಲಿ ಹಾಕಿ ನೋಡಿ. ಸದ್ದು ನಿಂತರೆ ರೋಗ ಸಿಕ್ಕಿತು. ನಿಲ್ಲದಿದ್ದರೆ ಸಂಗೀತದ ಎಲ್ಲ ಸಾಧನಗಳ ಮೈನಸ್ ವೈರುಗಳನ್ನೂ ಒಂದೇ ಜಾಗಕ್ಕೆ ತಂದು, ಅಲ್ಲಿಂದ ನೇರ ಬ್ಯಾಟರಿಗೆ ಒಯ್ಯಿರಿ. ಒಂದು ಇಲ್ಲಿ, ಇನ್ನೊಂದು ಅಲ್ಲಿ ಎಂದು ಸಿಕ್ಕ ಕಡೆ ಜೋಡಿಸುವುದೇ ಈ ಕೀರಲಿನ ದೊಡ್ಡ ಕಾರಣ. ಹಾಡಿನ ಸಂಕೇತವನ್ನು ಆಂಪ್ಲಿಫೈಯರಿಗೆ ಒಯ್ಯುವ ಕೇಬಲ್ ದಪ್ಪ ವಿದ್ಯುತ್ ವೈರಿನ ಜೊತೆಜೊತೆಗೆ ಹೋಗಬಾರದು, ದಾಟಲೇಬೇಕಾದರೆ ಅಡ್ಡಲಾಗಿ ದಾಟಲಿ.

ಇನ್ನು 1000 ವ್ಯಾಟ್. ಅದರ ಮೈಮೇಲಿನ ಫ್ಯೂಸ್ ನೋಡಿ. 30 ಆಂಪಿಯರ್ ಫ್ಯೂಸ್ ಇದ್ದರೆ, ಎಂಜಿನ್ ನಡೆಯುವಾಗಿನ ಸುಮಾರು 14 ವೋಲ್ಟಿಗೆ ಗುಣಿಸಿ. 420 ವ್ಯಾಟ್ ಬಂತು. ಒಳಗೆ ಹೋಗುವುದೇ ಅಷ್ಟು. ಒಳ್ಳೆಯ ಕ್ಲಾಸ್ ಡಿ ಆಂಪ್ಲಿಫೈಯರ್ ಕೂಡ ಅದರಲ್ಲಿ ನೂರಕ್ಕೆ ಎಂಬತ್ತರ ಆಸುಪಾಸನ್ನು ಮಾತ್ರ ಸ್ಪೀಕರಿಗೆ ದಾಟಿಸುತ್ತದೆ. ಹೀಗಿರುವಾಗ 1000 ಎಲ್ಲಿಂದ ಬರಬೇಕು? ಸ್ಟೀರಿಯೊ ಮೇಲಿನ "50 ವ್ಯಾಟ್ × 4" ಎಂಬ ಬರಹವೂ ಕ್ಷಣಿಕ ಗರಿಷ್ಠದ ಲೆಕ್ಕ. ಒಂದೊಂದು ಸ್ಪೀಕರಿಗೆ ನಿರಂತರವಾಗಿ ಕೊಡುವುದು ಸಾಮಾನ್ಯವಾಗಿ 15ರಿಂದ 20 ವ್ಯಾಟ್. ಆದ್ದರಿಂದ ಒಂದು ಆಂಪ್ಲಿಫೈಯರ್ ಬೇಕು ಎನ್ನುವುದು ಸರಿ. ಒಂದೊಂದು ಸ್ಪೀಕರಿಗೆ ನಿಜವಾದ 50ರಿಂದ 75 ವ್ಯಾಟ್ ಕೊಡುವಂಥದ್ದು ನಿಮ್ಮ ದೋಣಿಗೆ ಸಾಕು.

ಆಂಪ್ಲಿಫೈಯರಿನ ಗೇನ್ ತಿರುಪನ್ನು (ಸ್ಟೀರಿಯೊದಿಂದ ಬರುವ ಸಂಕೇತಕ್ಕೆ ಆಂಪ್ಲಿಫೈಯರನ್ನು ಹೊಂದಿಸುವ ತಿರುಪು) ಧ್ವನಿ ಏರಿಸುವ ಗುಂಡಿ ಎಂದು ತಿಳಿಯಬೇಡಿ. ಸ್ಟೀರಿಯೊ ಧ್ವನಿಯನ್ನು ಮುಕ್ಕಾಲು ಮಟ್ಟಕ್ಕೆ ಇಟ್ಟು, ಗೇನನ್ನು ಮೆಲ್ಲಗೆ ಏರಿಸುತ್ತಾ, ದನಿ ಒಡೆಯಲು ತೊಡಗಿದ ಜಾಗದಿಂದ ತುಸು ಹಿಂದಕ್ಕೆ ಬನ್ನಿ. ನಂತರ ಅದನ್ನು ಮುಟ್ಟಬೇಡಿ. ಸ್ಪೀಕರ್ ಸುಡುವುದು ಹೆಚ್ಚಾಗಿ ಈ ಒಡೆದ ದನಿಯಿಂದಲೇ.

ವೈರ್ ಕಲಾಯಿ ಹಾಕಿದ ತಾಮ್ರದ್ದೇ ಇರಲಿ. ಬರಿಯ ತಾಮ್ರ ನೀರಿನ ಮೇಲೆ, ಅದರಲ್ಲೂ ಉಪ್ಪು ನೀರಿನ ಮೇಲೆ, ಪ್ಲಾಸ್ಟಿಕ್ಕಿನ ಒಳಗೇ ಕಪ್ಪಾಗುತ್ತಾ ಹೋಗುತ್ತದೆ. ದಪ್ಪವನ್ನು ಲೆಕ್ಕ ಹಾಕುವಾಗ ಹೋಗುವ ದೂರಕ್ಕೆ ಬರುವ ದೂರವನ್ನೂ ಸೇರಿಸಿ. ಮುಖ್ಯ ಫ್ಯೂಸನ್ನು ಬ್ಯಾಟರಿಯಿಂದ ಏಳು ಇಂಚಿನೊಳಗೆ ಹಾಕಿ, ಏಕೆಂದರೆ ಅದು ಕಾಯುವುದು ವೈರನ್ನು. ಫ್ಯೂಸಿಗಿಂತ ಮೊದಲಿನ ವೈರ್ ಎಲ್ಲಿಯಾದರೂ ಉಜ್ಜಿ ತೆರೆದುಕೊಂಡರೆ ಬೆಂಕಿಯನ್ನು ತಡೆಯುವುದು ಏನೂ ಇಲ್ಲ.

ಸಂಗೀತಕ್ಕೆ ಬೇರೆಯೇ ಬ್ಯಾಟರಿ ಇಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಒಂದು ಸಂಜೆ ದಡದಿಂದ ದೂರ ಲಂಗರು ಹಾಕಿ ಮೂರು ಗಂಟೆ ಹಾಡು ಕೇಳಿದೆವು. ಹೊರಡಲು ಕೀಲಿ ತಿರುಗಿಸಿದರೆ ಟಿಕ್ ಎಂಬ ಸದ್ದಷ್ಟೇ. ಕತ್ತಲಾಗುತ್ತಿತ್ತು, ಗಾಳಿ ಎದ್ದಿತ್ತು, ದೋಣಿಯಲ್ಲಿ ಇಬ್ಬರು ಮಕ್ಕಳಿದ್ದರು. ಇನ್ನೊಂದು ದೋಣಿ ಬಂದು ಎಳೆದೊಯ್ಯುವವರೆಗಿನ ಆ ಹೊತ್ತನ್ನು ನಾನು ಮರೆಯಲಾರೆ. ಸೀಸ-ಆಮ್ಲದ 12 ವೋಲ್ಟ್ ಬ್ಯಾಟರಿ ತುಂಬಿದಾಗ ಸುಮಾರು 12.7 ತೋರಿಸುತ್ತದೆ. ಯಾವ ಸಾಧನವೂ ಓಡದಿರುವಾಗ ಅಳೆದು 12.1ಕ್ಕೆ ಬಂದರೆ ಅರ್ಧ ಖಾಲಿ ಎಂದರ್ಥ, ಅದಕ್ಕಿಂತ ಕೆಳಗೆ ಇಳಿಸಬಾರದು. ಎಂಜಿನ್ ನಡೆಯುವಾಗ ಎರಡೂ ಬ್ಯಾಟರಿಗಳನ್ನು ಜೋಡಿಸಿ, ನಿಂತಾಗ ತಾನೇ ಬೇರ್ಪಡಿಸುವ ರಿಲೇ ಸಿಗುತ್ತದೆ. ಮೊದಲು ಅದನ್ನು ಹಾಕಿಸಿ, ಉಳಿದದ್ದು ಆಮೇಲೆ.

ಒಳ ಎಂಜಿನ್ ದೋಣಿಯವರೊಬ್ಬರ ಉತ್ತರ

ಹಾಡನ್ನು ಏರಿಸುವ ಮಾತು ಬಹಳ ಆಯಿತು. ಗದ್ದಲವನ್ನು ಇಳಿಸುವುದನ್ನೂ ನೋಡಿ.

ನನ್ನ ದೋಣಿಯಲ್ಲಿ ಎಂಜಿನ್ ಒಳಗಿದೆ. ಅದರ ಮುಚ್ಚಳದ ಅಂಚಿನಲ್ಲಿ ಬೆರಳು ತೂರುವಷ್ಟು ಸಂದು ಇತ್ತು. ಅಂಚಿಗೆ ರಬ್ಬರ್ ಪಟ್ಟಿ ಹಾಕಿ, ಮುಚ್ಚಳದ ಒಳಮೈಗೆ ಫೋಮಿನ ನಡುವೆ ಭಾರವಾದ ಹಾಳೆಯಿರುವ ಹೊದಿಕೆ ಅಂಟಿಸಿದ ಮೇಲೆ, ಕೂಗದೆ ಮಾತನಾಡುವುದು ಸಾಧ್ಯವಾಯಿತು. ಎಂಜಿನ್ ಕೋಣೆಗೆಂದೇ ಮಾಡಿದ, ಬೆಂಕಿ ಹಿಡಿಯದ ಹೊದಿಕೆಯನ್ನೇ ಬಳಸಬೇಕು. ಗಾಳಿ ಬರುವ ಕಿಂಡಿಗಳನ್ನು ಯಾವ ಕಾರಣಕ್ಕೂ ಮುಚ್ಚಬಾರದು. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ತಳದಲ್ಲಿ ಕೂರುತ್ತದೆ. ಎಂಜಿನ್ ಚಾಲೂ ಮಾಡುವ ಮೊದಲು ಕನಿಷ್ಠ ನಾಲ್ಕು ನಿಮಿಷ ಆ ಆವಿಯನ್ನು ಹೊರದೂಡುವ ಬ್ಲೋವರ್ ಫ್ಯಾನ್ ಓಡಿಸುವುದು, ಕಿಡಿ ಹಾರುವ ಆಂಪ್ಲಿಫೈಯರ್, ರಿಲೇಗಳನ್ನು ಆ ಕೋಣೆಯಲ್ಲಿ ಇಡದಿರುವುದು ನಮ್ಮಲ್ಲಿ ಕಟ್ಟುನಿಟ್ಟು.

ನಿಮ್ಮದು ಔಟ್‌ಬೋರ್ಡ್ ಆದ್ದರಿಂದ ಎಂಜಿನ್ ಟೊಪ್ಪಿಗೆಯ ಸುತ್ತಲಿನ ರಬ್ಬರ್ ಹರಿದಿದೆಯೇ ನೋಡಿ. ಪ್ರೊಪೆಲ್ಲರಿನ ರೆಕ್ಕೆ ಒಂದು ಕಡೆ ಮುಕ್ಕಾಗಿದ್ದರೂ ಇಡೀ ದೋಣಿ ನಡುಗುತ್ತದೆ. ಅಲುಗಾಡುವ ಮುಚ್ಚಳ, ಸಡಿಲ ತಿರುಪು, ಪೆಟ್ಟಿಗೆಯೊಳಗೆ ಉರುಳುವ ಸಾಮಾನು ಎಲ್ಲವೂ ತಮ್ಮ ಪಾಲಿನ ಸದ್ದು ಸೇರಿಸುತ್ತವೆ. ವೇಗವನ್ನು ತುಸು ತಗ್ಗಿಸಿದರೆ ಗದ್ದಲ ಎಷ್ಟು ಇಳಿಯುತ್ತದೆಂದು ಮೊಬೈಲಿನ ಡೆಸಿಬೆಲ್ ಅಳತೆಯಲ್ಲಿ ನೋಡಿ. ಆ ಅಂಕಿ ನಿಖರವಲ್ಲ, ಹೋಲಿಸಿ ನೋಡಲು ಸಾಕು.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಕೆಲಸದ ಸ್ಥಳಗಳಲ್ಲಿ ಕಿವಿಯ ರಕ್ಷಣೆಗೆ ಅಮೆರಿಕದ ನಿಯೋಶ್ ಸಂಸ್ಥೆ ಸೂಚಿಸುವ ಮಿತಿ 85 ಡೆಸಿಬೆಲ್‌ನಲ್ಲಿ ಎಂಟು ಗಂಟೆ. ಪ್ರತಿ 3 ಡೆಸಿಬೆಲ್ ಏರಿದಂತೆ ಸಮಯ ಅರ್ಧವಾಗುತ್ತದೆ. 88ಕ್ಕೆ ನಾಲ್ಕು ಗಂಟೆ, 91ಕ್ಕೆ ಎರಡು, 94ಕ್ಕೆ ಒಂದು, 97ಕ್ಕೆ ಅರ್ಧ ಗಂಟೆ. ಎಂಜಿನ್ನೇ 90 ಇರುವಾಗ ಹಾಡು ಅದನ್ನು ಮೀರಿ ಸ್ಪಷ್ಟವಾಗಿ ಕೇಳಬೇಕೆಂದರೆ ನಾವು ಎಲ್ಲಿಗೆ ಹೋಗಿ ನಿಲ್ಲುತ್ತೇವೆಂದು ಯೋಚಿಸಿ. ಹತ್ತಾರು ವರ್ಷ ಹೀಗೆಯೇ ಕೇಳಿದ ನನ್ನ ಎಡಗಿವಿಯಲ್ಲಿ ಈಗ ರಾತ್ರಿಯೆಲ್ಲ ಗುಂಯ್ ಎಂಬ ನಾದ ನಿಲ್ಲುವುದಿಲ್ಲ. ದೋಣಿಯಲ್ಲಿ ಮಕ್ಕಳಿದ್ದರೆ ದಯವಿಟ್ಟು ಎಚ್ಚರ ವಹಿಸಿ.

ದೋಣಿಯಲ್ಲಿ ಸಂಪರ್ಕದ ರೇಡಿಯೊ ಇದ್ದರೆ ಅದರ 16ನೇ ಚಾನೆಲ್‌ನ (ಅಪಾಯದ ಕರೆಗೆ ಮೀಸಲಾದದ್ದು) ಕರೆ, ಬೇರೆ ದೋಣಿಯ ಹಾರ್ನ್, ನೀರಿನಲ್ಲಿರುವವರ ಕೂಗು ಇವೂ ಹಾಡಿನ ನಡುವೆ ಕೇಳಿಸಬೇಕು. ಚುಕ್ಕಾಣಿ ಹಿಡಿದವರ ಕೈಗೆಟಕುವಲ್ಲಿ ಧ್ವನಿಯನ್ನು ಒಮ್ಮೆಲೇ ನಿಲ್ಲಿಸುವ ಗುಂಡಿ ಇರಲಿ.

ಕೇಳಿದವರ ಮರುಮಾತು

ಎಲ್ಲರಿಗೂ ವಂದನೆಗಳು. ನಿನ್ನೆ ಇಡೀ ದಿನ ದೋಣಿಯಲ್ಲಿಯೇ ಕಳೆದೆ. ಚಾರ್ಜರ್ ಕಿತ್ತೊಡನೆ ಕೀರಲು ನಿಂತಿತು. ಶೆಲ್ ತಾಗಿಸಿ ನೋಡಿದಾಗ ಬಲಗಡೆಯ ಸ್ಪೀಕರಿನ ವೈರ್ ನಿಜಕ್ಕೂ ಅದಲುಬದಲಾಗಿತ್ತು, ಕೊಂಡ ದಿನದಿಂದಲೂ ಹಾಗೆಯೇ ಇದ್ದಿರಬೇಕು. ನಾನು ನೋಡಿಟ್ಟಿದ್ದ ಆಂಪ್ಲಿಫೈಯರಿನ ಫ್ಯೂಸ್ 25 ಆಂಪಿಯರ್. ಅದನ್ನು ಕೊಳ್ಳುವುದಿಲ್ಲ. ಮೊದಲು ಎರಡನೆಯ ಬ್ಯಾಟರಿ, ನಂತರ ನಾಲ್ಕು ಸ್ಪೀಕರ್ ಎಂದು ತೀರ್ಮಾನಿಸಿದ್ದೇನೆ. ಎರಡನ್ನು ಆಸನದ ಬೆನ್ನಿನ ಪಕ್ಕದಲ್ಲಿ, ಇನ್ನೆರಡನ್ನು ಸ್ಟೀರಿಂಗ್ ಮುಂದಿನ ಹಲಗೆಯ ಮೇಲೆ ಇಡುವ ಯೋಚನೆಯಿದೆ.

ತೆರೆದ ದೋಣಿಯವರು ಮತ್ತೆ

ಆ ಹಲಗೆಯ ಮೇಲೆ ದಿಕ್ಸೂಚಿ ಇದೆಯೇ? ಇದ್ದರೆ ತೂತು ಕೊರೆಯುವ ಮೊದಲು ಸ್ಪೀಕರನ್ನು ಕೈಯಲ್ಲಿ ಹಿಡಿದು, ನೀವು ಕೂರಿಸಬೇಕೆಂದಿರುವ ಜಾಗಕ್ಕೆ ಮೆಲ್ಲಗೆ ತನ್ನಿ. ಇನ್ನೊಬ್ಬರು ದಿಕ್ಸೂಚಿಯನ್ನೇ ನೋಡುತ್ತಿರಲಿ. ಸ್ಪೀಕರಿನ ಹಿಂದೆ ಬಲವಾದ ಅಯಸ್ಕಾಂತ ಇರುತ್ತದೆ. ಮುಳ್ಳು ಕೂದಲೆಳೆಯಷ್ಟು ಸರಿದರೂ ಆ ಜಾಗವನ್ನು ಬಿಟ್ಟುಬಿಡಿ.