ಜೇಡಿಮಣ್ಣು ಡಿಎನ್‌ಎಯನ್ನು ‘ಹೀರುತ್ತದೆ’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಮಾರ್ಪಡಿಸಿದ ಜೇಡಿ ಖನಿಜಗಳು ಡಿಎನ್‌ಎಯನ್ನು ಹೇಗೆ ಹಿಡಿದು ಕಾಪಾಡುತ್ತವೆ ಅಂತ ಪಿಯುಸಿ ಮಕ್ಕಳಿಗಾಗಿ ಬರೆಯುತ್ತಿದ್ದೇನೆ. ಒಂದೆರಡು ಪದಗಳ ಬಗ್ಗೆ ನಿಮ್ಮ ಸಲಹೆ ಬೇಕು.

ಮೊದಲು ಅಲ್ಲಿ ನಡೆಯುವುದೇನು ಅಂತ ಹೇಳಿಬಿಡುತ್ತೇನೆ. ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜದಲ್ಲಿ ಬಲು ತೆಳುವಾದ ಪದರಗಳು ಒಂದರ ಮೇಲೊಂದು ಇರುತ್ತವೆ. ಅವುಗಳ ಮೈ ಋಣಾವೇಶದ್ದು. ಡಿಎನ್‌ಎಯ ಫಾಸ್ಫೇಟ್ ಬೆನ್ನೆಲುಬೂ ಋಣಾವೇಶದ್ದೇ. ಹಾಗಾಗಿ ಸುಮ್ನೆ ಬೆರೆಸಿದರೆ ಎರಡೂ ಒಂದನ್ನೊಂದು ದೂಡುತ್ತವೆ. ನಡುವೆ ಕ್ಯಾಲ್ಸಿಯಂ ಅಥವಾ ಮೆಗ್ನೀಸಿಯಂ ಅಯಾನು ಬಂದರೆ ಅದು ಎರಡನ್ನೂ ಸೇರಿಸುತ್ತದೆ. ಇಲ್ಲವೇ ಅಮೈನ್ ಎಂಬ, ಸಾರಜನಕವಿರುವ ಗುಂಪುಗಳನ್ನು ಕೂರಿಸಿ ಖನಿಜದ ಮೈಯನ್ನೇ ಧನಾವೇಶಕ್ಕೆ ತಿರುಗಿಸಬೇಕು. ‘ಮಾರ್ಪಡಿಸಿದ’ ಅಂದರೆ ಇದು.

ಲೇಯರ್ಡ್ ಡಬಲ್ ಹೈಡ್ರಾಕ್ಸೈಡ್ ಎಂಬ, ಎರಡು ಲೋಹಗಳ ಹೈಡ್ರಾಕ್ಸೈಡ್ ಪದರಗಳಿರುವ ಇನ್ನೊಂದು ಬಗೆಯಿದೆ. ಇದರ ಪದರಗಳಿಗೆ ಮೊದಲಿನಿಂದಲೇ ಧನಾವೇಶ. 1999ರಲ್ಲಿ ಕೊರಿಯಾದ ಜಿನ್-ಹೋ ಚೊಯ್ ತಂಡ ಈ ಪದರಗಳ ನಡುವೆ ಡಿಎನ್‌ಎ ಸೇರಿಸಿ ತೋರಿಸಿತು. ಆಗ ಒಂದು ಪದರದಿಂದ ಇನ್ನೊಂದಕ್ಕೆ ಇರುವ ದೂರ ಸುಮಾರು 0.87 ನ್ಯಾನೋಮೀಟರ್‌ನಿಂದ 2.4ರ ಹತ್ತಿರಕ್ಕೆ ಹೋಯಿತು. ಡಿಎನ್‌ಎಯ ಜೋಡಿ ಎಳೆಯ ಅಗಲವೇ 2 ನ್ಯಾನೋಮೀಟರ್. ಪದರಗಳು ಸರಿದು ಅದಕ್ಕೆ ಜಾಗ ಕೊಟ್ಟಿವೆ, ಅಲ್ವಾ? ಡಿಎನ್‌ಎ ಕತ್ತರಿಸುವ ಕಿಣ್ವಕ್ಕೆ ಅಲ್ಲಿಗೆ ಹೋಗಲು ದಾರಿ ಇಲ್ಲ. ಆಮ್ಲ ಹಾಕಿದರೆ ಪದರಗಳು ಕರಗಿ ಡಿಎನ್‌ಎ ಹೊರಬರುತ್ತದೆ.

ಈಗ ಪದಗಳ ವಿಚಾರ. ಒಂದು ವಸ್ತು ಇನ್ನೊಂದರ ಹೊರಮೈಗೆ ಅಂಟಿಕೊಳ್ಳುವುದಕ್ಕೆ (adsorption) ಪುಸ್ತಕಗಳಲ್ಲಿ ಸಿಗುವುದು ‘ಅಧಿಶೋಷಣೆ’. ಸರಿಯಾದ ಪದವೇ, ಆದರೆ ಓದುವ ಮಕ್ಕಳು ಅಲ್ಲೇ ನಿಂತುಬಿಡುತ್ತಾರೆ. ಅದಕ್ಕೆ ಬದಲಾಗಿ ಬಹಳ ಜನ ‘ಹೀರುತ್ತದೆ’ ಅಂತ ಬರೆಯುತ್ತಾರೆ. ಇದು ನನಗೆ ಒಪ್ಪಿಗೆಯಿಲ್ಲ. ಮಣ್ಣು ನೀರು ಹೀರಿತು ಅಂದರೆ ನೀರು ಇಂಗಿಹೋಯಿತು ಅಂತಲೇ ಕೇಳುವವರಿಗೆ ಅನಿಸುತ್ತದೆ. ಇಲ್ಲಿ ಡಿಎನ್‌ಎ ಇಂಗುವುದಿಲ್ಲ, ಕೆಡುವುದೂ ಇಲ್ಲ. ಮಾಂಟ್‌ಮೊರಿಲೊನೈಟ್‌ಗೆ ಅಂಟಿಕೊಂಡಿದ್ದ ಡಿಎನ್‌ಎ ಕಿಣ್ವದ ಹೊಡೆತ ತಾಳಿಕೊಂಡು, ಬ್ಯಾಸಿಲಸ್ ಸಬ್‌ಟಿಲಿಸ್ ಬ್ಯಾಕ್ಟೀರಿಯಾಕ್ಕೆ ಹೊಸ ಗುಣ ದಾಟಿಸಿದ್ದು 1992ರಲ್ಲೇ ಪ್ರಕಟವಾಗಿದೆ. ‘ಹೀರು’ ಅಂದರೆ ಈ ಸಂಗತಿಯೇ ಮಕ್ಕಳಿಗೆ ತಿಳಿಯದೆ ಹೋಗುತ್ತದೆ.

ನನ್ನ ಆಯ್ಕೆ ‘ಹಿಡಿದಿಡು’. ಅದಕ್ಕೆ ‘ಬಿಟ್ಟುಕೊಡು’ ಎಂಬ ಜೋಡಿಯೂ ಸಿಗುತ್ತದೆ. ಬರೀ ಹೊರಮೈಗೆ ಕೂತಿದ್ದರೆ ‘ಅಂಟು’ ಸಾಕು. ರಕ್ಷಣೆಗೆ ‘ಕಾಪಿಡು’ ಬಳಸುವ ಆಸೆ. ಉತ್ತರ ಗ್ರೀನ್‌ಲ್ಯಾಂಡಿನ ಕಾಪ್ ಕೊಬೆನ್‌ಹಾವ್ನ್ ಮಣ್ಣಿನಲ್ಲಿ ಸಿಕ್ಕ, ಸುಮಾರು 20 ಲಕ್ಷ ವರ್ಷ ಹಳೆಯ ಡಿಎನ್‌ಎಯ ಸುದ್ದಿ 2022ರಲ್ಲಿ ಬಂತು. ಅಲ್ಲೂ ಜೇಡಿ ಮತ್ತು ಬೆಣಚಿನ ಕಣಗಳಿಗೆ ಅದು ಅಂಟಿಕೊಂಡಿತ್ತು. ಅಷ್ಟು ಕಾಲ ಜೋಪಾನವಾಗಿ ಇಟ್ಟದ್ದಕ್ಕೆ ‘ಕಾಪಿಡು’ ಚೆನ್ನಾಗಿ ಹೊಂದುತ್ತದೆ.

‘ಮಾರ್ಪಡಿಸಿದ’ ಬದಲು ‘ಹದ ಮಾಡಿದ’ ಅನ್ನಿ ಅಂತ ಒಬ್ಬರು ಹೇಳಿದರು. ಕೇಳಲು ಚೆಂದ. ಆದರೆ ಕುಂಬಾರರು ಮಣ್ಣು ತುಳಿದು ನಾದುವುದನ್ನು ಹದ ಮಾಡುವುದು ಅನ್ನುತ್ತಾರೆ. ಅಲ್ಲಿ ಖನಿಜದ ರಸಾಯನ ಬದಲಾಗುವುದಿಲ್ಲ. ‘ಮಾರ್ಪಡಿಸಿದ’ವೇ ಇರಲಿ.

‘ಜೇಡಿ’ಯಲ್ಲೂ ಒಂದು ತೊಡಕಿದೆ. ಕೆಲವರಿಗೆ ಜೇಡಿ ಅಂದರೆ ಗೋಡೆಗೆ ಬಳಿಯುವ ಬಿಳಿಮಣ್ಣು ಮಾತ್ರ. ಮಾಂಟ್‌ಮೊರಿಲೊನೈಟ್ ಗುಂಪಿನ ಖನಿಜ ಜಾಸ್ತಿ ಇರುವುದು ನಮ್ಮ ಎರೆಮಣ್ಣಿನಲ್ಲಿ, ಅಂದರೆ ಕಪ್ಪುಮಣ್ಣಿನಲ್ಲಿ. ಎರೆ ಉಬ್ಬುವುದೂ ಪದರಗಳ ನಡುವೆ ನೀರು ಸೇರಿ ಅವು ಸರಿಯುವುದರಿಂದಲೇ. ಗದಗ, ಧಾರವಾಡ, ವಿಜಯಪುರದ ಕಡೆಯವರು ಮಳೆಗೆ ಎರೆಹೊಲ ಹೀಗೆ ಉಬ್ಬುವುದಕ್ಕೆ ಏನನ್ನುತ್ತೀರಿ? ಡಿಎನ್‌ಎಗೆ ಪದರಗಳು ಜಾಗ ಕೊಡುವುದಕ್ಕೂ ಅದೇ ಮಾತು ಬಳಸಬಹುದೇ ಅಂತ ನೋಡಬೇಕು. ತಿಳಿಸಿ.