ಮೊರೇ ಈಲ್‌ಗೆ ಕನ್ನಡದಲ್ಲಿ ಏನು? ಚೀಟಿ ನಾಳೆ ಬೆಳಿಗ್ಗೆ ಅಂಟಿಸಬೇಕು

ಹಾಸನದಿಂದ ಬರೆಯುತ್ತಿದ್ದೇನೆ. ಅಕ್ಕನ ಮಗ ಹಾಲ್‌ನಲ್ಲಿ ಅಕ್ವೇರಿಯಂ ಇಟ್ಟು ಸ್ನೋಫ್ಲೇಕ್ ಮೊರೇ ಈಲ್ ಸಾಕಿದ್ದಾನೆ. ನಾಳೆ ಮನೆಮಂದಿಯೆಲ್ಲ ಒಂದು ವಾರ ಊರಿಗೆ. ಮೀನಿಗೆ ಊಟ ಹಾಕುವ ಕೆಲಸ ಪಕ್ಕದ ಮನೆ ತಾತನ ಪಾಲಿಗೆ ಬಂದಿದೆ. ಅವರು ಕನ್ನಡ ಬಿಟ್ಟು ಬೇರೆ ಓದುವುದಿಲ್ಲ. ಚೀಟಿಯಲ್ಲಿ 'ಹಾವುಮೀನು' ಅಂತ ಬರೆದೆ. ತಾತ ಓದಿ, "ಓ, ಗೊರೂರು ಹಿನ್ನೀರಲ್ಲಿ ಗಾಳಕ್ಕೆ ಬೀಳುತ್ತಲ್ಲ, ಅದೇ ತಾನೆ? ಎರೆಹುಳ ಹಾಕಿದ್ರಾಯ್ತು ಬಿಡಿ" ಅಂದರು. ಇದು ಉಪ್ಪುನೀರಿನದು, ಸೀಗಡಿ ತಿನ್ನೋದು. ಬೇರೆ ಪದ ಇದೆಯಾ? ಅಡಗಿ ಕೂರಲು ಪಿವಿಸಿ ಪೈಪ್ ತುಂಡು ಹಾಕಿದ್ದಾನೆ, ಅದಕ್ಕೂ ಒಂದು ಪದ ಬೇಕು.

ಚಿಕ್ಕಮಗಳೂರಿನಿಂದ:
ಹಾವುಮೀನು ಇರುವಾಗ ಹುಡುಕಾಟ ಯಾಕೆ? ತಮಿಳರು ವಿಲಾಂಗು ಅಂತಾರೆ, ಮಲಯಾಳಿಗಳು ಮಲಂಞಿಲ್ ಅಂತಾರೆ. ನಾವು ಮಾತ್ರ ಸಾಲ ಮಾಡಬೇಕಾ? 'ಕಡಲ ಹಾವುಮೀನು' ಅನ್ನಿ, ಮುಗೀತು. ಅಡಗುವ ಜಾಗಕ್ಕೆ 'ಪೊಟರೆ'. ಪೈಪ್ ಅಂತ ಬರೆದರೆ ನಾನು ಓದುವುದಿಲ್ಲ.

ಬೇಲೂರಿನಿಂದ:
ಪೊಟರೆ ಮರದಲ್ಲಿರುತ್ತೆ ಸ್ವಾಮಿ, ನೀರಲ್ಲಲ್ಲ. ಇರಲಿ. 'ಮೊರೇ' ನಮ್ಮದೇ ಪದ ಅಂತ ನಾನು ಎಷ್ಟೋ ಸಲ ಹೇಳಿದ್ದೇನೆ. ಆ ಮೀನು ಹಗಲೂ ರಾತ್ರಿ ಬಾಯಿ ತೆರೆದು ಮುಚ್ಚುತ್ತಾ ಇರುತ್ತೆ, ದೇವರಿಗೆ ಮೊರೆ ಇಟ್ಟ ಹಾಗೆ. ಅದಕ್ಕೇ ಮೊರೆಮೀನು. ಪೋರ್ಚುಗೀಸರು ಕರಾವಳಿಯಿಂದ ಹೊತ್ತೊಯ್ದರು.

ಸಕಲೇಶಪುರದಿಂದ:
ಸುಮ್ನೆ ಏನೇನೋ ಬರೀಬೇಡಿ. ಗ್ರೀಕ್‌ನಲ್ಲಿ ಮುರೈನ, ಲ್ಯಾಟಿನ್‌ನಲ್ಲಿ ಮುರೇನ, ಪೋರ್ಚುಗೀಸ್‌ನಲ್ಲಿ ಮೊರೇಯ, ಅಲ್ಲಿಂದ ಇಂಗ್ಲಿಷಿಗೆ. ರೋಮಿನ ಶ್ರೀಮಂತರು ಇದನ್ನು ಕೊಳದಲ್ಲಿ ಸಾಕುತ್ತಿದ್ದಾಗ ಪೋರ್ಚುಗೀಸರು ಇನ್ನೂ ಹುಟ್ಟಿರಲಿಲ್ಲ. ಬಾಯಿ ತೆರೆಯೋದು ಮೊರೆ ಇಡೋಕಲ್ಲ, ಕಿವಿರಿಗೆ ನೀರು ತಳ್ಳಿ ಉಸಿರಾಡೋಕೆ. ಇನ್ನು ಚಿಕ್ಕಮಗಳೂರಿನವರ ಸಾಲದ ಮಾತು. ಚಾವಿ, ಅನಾನಸು ಎಲ್ಲ ಪೋರ್ಚುಗೀಸಿನದೇ, ಯಾವುದನ್ನು ವಾಪಸ್ ಕೊಟ್ಟಿರಿ? ಹಲ್ಮಿಡಿ ಶಾಸನ ಶುರುವಾಗೋದೇ ಸಂಸ್ಕೃತ ಶ್ಲೋಕದಿಂದ! 'ಕಡಲ ಹಾವುಮೀನು' ಅಂದರೆ ಸಮುದ್ರದ ಈಲ್‌ಗಳೆಲ್ಲ ಬಂದವು, ಮೊರೇ ಅವುಗಳಲ್ಲಿ ಒಂದು ಕುಟುಂಬ ಅಷ್ಟೇ. ಹೆಸರಿಗಿಂತ ತಾತನ ಬೆರಳು ಮುಖ್ಯ. ಇದಕ್ಕೆ ಕಣ್ಣು ಮಂದ, ಮೂಗು ಚುರುಕು. ಸೀಗಡಿ ವಾಸನೆ ಹತ್ತಿದ ಬೆರಳೂ ಅದಕ್ಕೆ ಸೀಗಡಿಯೇ. ಗಂಟಲೊಳಗೆ ಇನ್ನೊಂದು ಜೊತೆ ದವಡೆ ಇದೆ, ಅದು ಮುಂದಕ್ಕೆ ಬಂದು ಹಿಡಿದದ್ದನ್ನು ಒಳಕ್ಕೆ ಎಳೆಯುತ್ತದೆ ಅಂತ 2007ರಲ್ಲಿ ಪತ್ತೆ ಆಯ್ತು.

ಚಿಕ್ಕಮಗಳೂರಿನಿಂದ:
ಹಲ್ಮಿಡಿ ವಿಷಯ ತಂದಿದ್ದು ಸರಿಯಲ್ಲ. ಬೇರೆ ಚರ್ಚೆ ಶುರು ಮಾಡಿ, ಬರುತ್ತೇನೆ.

ಮತ್ತೆ ಹಾಸನದಿಂದ:
ದಯವಿಟ್ಟು ಅಲ್ಲೇ ಶುರು ಮಾಡಿಕೊಳ್ಳಿ. ಚೀಟಿ ಅಂಟಿಸಿ ಆಯ್ತು: "ಇದು ಮೊರೇ, ಉಪ್ಪುನೀರಿನ ಹಾವುಮೀನು. ಪೈಪ್ ಒಳಗೆ ಅಡಗಿ ಕೂರುತ್ತೆ. ವಾರಕ್ಕೆ ಎರಡು ಸಲ, ಫ್ರಿಜ್ಜಿನ ಸೀಗಡಿ ಐಸ್ ಬಿಟ್ಟ ಮೇಲೆ, ಉದ್ದ ಇಕ್ಕಳದಲ್ಲಿ ಹಿಡಿದು ಕೊಡಿ. ಕೈ ಹಾಕಬೇಡಿ. ತಿನ್ನದೆ ಬಿಟ್ಟದ್ದು ತೆಗೆಯಿರಿ. ನೀರು ಆರಿದಷ್ಟು ಫಿಲ್ಟರ್ ನೀರು ಸೇರಿಸಿ, ಉಪ್ಪು ಬೇಡ. ಮುಚ್ಚಳದ ಮೇಲಿನ ಕಲ್ಲು ತೆಗೆದರೆ ಮತ್ತೆ ಇಡಿ, ಇಲ್ಲದಿದ್ದರೆ ಹೊರಗೆ ಬರುತ್ತೆ." ಉಪ್ಪು ಬೇಡ ಅನ್ನೋದರ ಕೆಳಗೆ ಎರಡು ಗೆರೆ ಎಳೆದಿದ್ದೇನೆ. ಉಪ್ಪು ಆವಿಯಾಗಲ್ಲ, ನೀರು ಮಾತ್ರ ಹೋಗುತ್ತೆ ಅಂತ ತಾತನಿಗೆ ಹೇಳೋಕೆ ಅರ್ಧ ಗಂಟೆ ಹಿಡಿಯಿತು. ಪೈಪನ್ನು ಪೈಪ್ ಅಂತಲೇ ಬರೆದಿದ್ದೇನೆ. ತಾತ ಅದನ್ನು ಒಂದೇ ಸಲಕ್ಕೆ ಓದಿದರು.